ಅವನನ್ನೇ ಕೇಳಿ

ಹೋದ ತಿಂಗಳು ನಕ್ಷತ್ರ ನೋಡಲು ಹೋಗಿದ್ದೆವು. ನಾನು, ಅವನು, ಇನ್ನೊಂದು ಇಪ್ಪತ್ತು ಜನ. ದೊಡ್ಡ ಬಯಲು, ಮೂರು ಟೆಲಿಸ್ಕೋಪ್. ಬಿಳಿ ಟಾರ್ಚ್ ಯಾರೂ ಹಾಕುವ ಹಾಗಿಲ್ಲ. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಒಂದು ಸಲ ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿಂದ ಶುರು. ಅದಕ್ಕೇ ಅಲ್ಲಿ ಎಲ್ಲರೂ ಕೆಂಪು ಟಾರ್ಚ್ ಬಳಸುತ್ತಾರೆ. ಅವತ್ತು ನಮ್ಮಿಬ್ಬರಿಗೆ ಇದ್ದದ್ದು ಒಂದೇ ಟಾರ್ಚ್. ಅದು ನನ್ನ ಕೈಯಲ್ಲಿತ್ತು.

ಅವನು ಹುಟ್ಟಿನಿಂದ ಕಿವುಡ. ನಾವು ಜೊತೆಯಾಗಿ ಎರಡು ವರ್ಷ ಆಗುತ್ತ ಬಂತು. ಕಿವುಡ ಅಂತ ನೇರವಾಗಿ ಬರೆದದ್ದಕ್ಕೆ ಕೆಲವರಿಗೆ ಕಸಿವಿಸಿ ಆಗಬಹುದು. ಆ ಪದವನ್ನು ನಾವು ಬೈಗುಳದ ಹಾಗೆ ಬಳಸಿ ಬಳಸಿ ಕೆಡಿಸಿಟ್ಟಿದ್ದೇವೆ. ಆದರೆ ಅವನು ತನ್ನನ್ನು ಕರೆದುಕೊಳ್ಳುವುದು ಹಾಗೆಯೇ. 'ಶ್ರವಣ ದೋಷ' ಅಂದರೆ ಸಿಟ್ಟು ಬರುತ್ತದೆ ಅವನಿಗೆ. ಇದು ದೋಷ ಅಂತ ಯಾರು ತೀರ್ಮಾನ ಮಾಡಿದ್ದು ಅಂತ ಕೇಳುತ್ತಾನೆ.

ಆ ರಾತ್ರಿ ವಿವರಣೆ ಕೊಡುತ್ತಿದ್ದವರ ಮಾತನ್ನು ನಾನು ಸನ್ನೆಯಲ್ಲಿ ಹೇಳುತ್ತಿದ್ದೆ. ಟಾರ್ಚನ್ನು ಮೊಣಕೈ ಸಂದಿಯಲ್ಲಿ ಸಿಕ್ಕಿಸಿಕೊಂಡು, ಕೈಗಳ ಮೇಲೆ ಬೆಳಕು ಬೀಳುವ ಹಾಗೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಒಬ್ಬರು ನನ್ನ ಕಡೆ ತಿರುಗಿ, 'ಇವರಿಗೆ ಇದೆಲ್ಲ ಅರ್ಥ ಆಗುತ್ತಾ?' ಅಂದರು. ಅವನು ಅಲ್ಲೇ ನಿಂತಿದ್ದ, ಒಂದು ಮೊಳ ದೂರದಲ್ಲಿ. ನಾನು ಅವರ ಕಡೆ ತಿರುಗಿ ಉತ್ತರ ಕೊಡಲು ಶುರು ಮಾಡಿದೆ. ಅವನಿಗೆ ಆಕಾಶ ಅಂದರೆ ಎಷ್ಟು ಇಷ್ಟ, ಚಿಕ್ಕಂದಿನಿಂದ ಏನೇನು ಓದಿದ್ದಾನೆ, ಶಾಲೆಯಲ್ಲಿ ಎಷ್ಟು ಕಷ್ಟ ಆಯಿತು, ಮನೆಯವರು ಹೇಗೆ ನೋಡಿಕೊಂಡರು, ಎಲ್ಲ. ಪ್ರೀತಿಯಿಂದಲೇ ಹೇಳಿದೆ, ಹೆಮ್ಮೆಯಿಂದ ಹೇಳಿದೆ. ಹತ್ತು ನಿಮಿಷ ಆಗಿರಬೇಕು. ಟಾರ್ಚೂ ನನ್ನ ಜೊತೆ ಆ ಕಡೆಗೇ ತಿರುಗಿತ್ತು.

ಅವನು ಅಷ್ಟು ಹೊತ್ತೂ ಏನೋ ಹೇಳಲು ನೋಡುತ್ತಿದ್ದ. ಕತ್ತಲಲ್ಲಿ.

ಮನೆಗೆ ಹೋಗುವ ದಾರಿಯಲ್ಲಿ ಅವನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ್ದು ಒಂದೇ ಸಾಲು: 'ನೀನು ತಿರುಗಿಕೊಂಡೆ, ನನ್ನ ಕೈ ಆರಿಹೋಯಿತು.'

ಅವತ್ತಿನಿಂದ ಆ ಸಾಲು ತಲೆಯಲ್ಲಿ ಕೂತಿದೆ. ಕನ್ನಡದಲ್ಲಿ ಕಿವಿಯಿಂದ ಕೇಳುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ಒಂದೇ ಮಾತು ಅಲ್ವಾ. ಕಿವಿ ಚೆನ್ನಾಗಿರುವ ನಾನು ಅವನನ್ನು ಒಂದು ಮಾತೂ ಕೇಳಿರಲಿಲ್ಲ. ನಿನ್ನ ಬಗ್ಗೆ ಕೇಳುತ್ತಿದ್ದಾರೆ, ನೀನೇ ಹೇಳ್ತೀಯಾ ಅಂತ ಕೇಳಲು ಎರಡು ಸೆಕೆಂಡು ಸಾಕಿತ್ತು.

ಅವನು ಆ ರಾತ್ರಿ ಹೇಳಬೇಕು ಅಂದುಕೊಂಡಿದ್ದು ಆಲ್ಗಾಲ್ ಬಗ್ಗೆ. ಪರ್ಸಿಯಸ್ ನಕ್ಷತ್ರಪುಂಜದಲ್ಲಿ ಬರಿಗಣ್ಣಿಗೇ ಕಾಣುವ ನಕ್ಷತ್ರ ಅದು. 2 ದಿನ, 20 ಗಂಟೆ, 49 ನಿಮಿಷಕ್ಕೊಮ್ಮೆ ಮಬ್ಬಾಗುತ್ತದೆ. ಕೆಲವು ಗಂಟೆಗಳ ಮೇಲೆ ಮತ್ತೆ ಮೊದಲಿನ ಹಾಗೇ ಹೊಳೆಯುತ್ತದೆ. ಇದು ಹೀಗೆ ಲೆಕ್ಕ ತಪ್ಪದೆ ನಡೆಯುತ್ತದೆ ಅಂತ ಪಟ್ಟು ಹಿಡಿದು ನೋಡಿ ಬರೆದಿಟ್ಟವನು ಇಂಗ್ಲೆಂಡಿನ ಯಾರ್ಕ್‌ನಲ್ಲಿದ್ದ ಜಾನ್ ಗುಡ್‌ರಿಕ್ ಅನ್ನುವ ಹುಡುಗ. 1783ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ವರದಿ ಕಳಿಸಿದಾಗ ಅವನಿಗೆ 18 ವರ್ಷ. ಆ ನಕ್ಷತ್ರದ ಮುಂದೆ ಇನ್ನೇನೋ ಒಂದು ಹಾದುಹೋಗುತ್ತಿರಬಹುದು ಅಂತ ಊಹೆಯನ್ನೂ ಬರೆದಿದ್ದ. ಆ ಸೊಸೈಟಿಯ ದೊಡ್ಡ ಗೌರವ, ಆ ವರ್ಷದ ಕಾಪ್ಲಿ ಪದಕ, ಅವನಿಗೆ ಸಿಕ್ಕಿತು. ಅವನ ಊಹೆ ಸರಿ ಅಂತ ಗಟ್ಟಿಯಾಗಿ ಗೊತ್ತಾಗಿದ್ದು ನೂರು ವರ್ಷ ಕಳೆದ ಮೇಲೆ, 1889ರಲ್ಲಿ. ಅದನ್ನು ನೋಡಲು ಗುಡ್‌ರಿಕ್ ಇರಲಿಲ್ಲ. 1786ರಲ್ಲಿ, ಬರೀ 21 ವರ್ಷಕ್ಕೆ ತೀರಿಕೊಂಡಿದ್ದ.

ಗುಡ್‌ರಿಕ್ ಕಿವುಡ.

ಈ ಕತೆ ಹೇಳುವಾಗ ಅವನ ಮುಖ ನೋಡಬೇಕು ನೀವು. ಆಲ್ಗಾಲ್ ಮಬ್ಬಾಗುವುದನ್ನು ಎರಡು ಕೈಯಲ್ಲಿ ತೋರಿಸುತ್ತಾನೆ. ಒಂದು ಮುಷ್ಟಿ ಇನ್ನೊಂದರ ಮುಂದೆ ನಿಧಾನಕ್ಕೆ ಹಾದುಹೋಗುತ್ತದೆ, ಹಿಂದಿನ ಕೈಯ ಬೆರಳುಗಳು ಮಡಚಿಕೊಂಡು ಮತ್ತೆ ಅರಳುತ್ತವೆ. ಗ್ರಹಣವನ್ನು ಇಷ್ಟು ಚೆನ್ನಾಗಿ ನನಗೆ ಯಾರೂ ವಿವರಿಸಿರಲಿಲ್ಲ. ಆ ಬಯಲಿನಲ್ಲಿದ್ದ ಇಪ್ಪತ್ತು ಜನ ಇದನ್ನು ನೋಡಬೇಕಿತ್ತು. ಅವರಿಗೆ ಸಿಕ್ಕಿದ್ದು ನನ್ನ ಬಾಯಿಂದ ಬಂದ ಅವನ ಕಷ್ಟದ ಕತೆ.

ಅವನು ಹೇಳುವ ಕತೆ ಇನ್ನೂ ಮುಂದೆ ಹೋಗುತ್ತದೆ. 1784ರಲ್ಲಿ ಇದೇ ಗುಡ್‌ರಿಕ್ ಡೆಲ್ಟಾ ಸೆಫಿ ಅನ್ನುವ ನಕ್ಷತ್ರದ ಬೆಳಕೂ ಏರಿಳಿಯುತ್ತದೆ ಅಂತ ಕಂಡುಹಿಡಿದ. ಆ ಜಾತಿಯ ನಕ್ಷತ್ರಗಳಿಗೆ ಈಗ ಸೆಫಿಡ್ ಅಂತ ಹೆಸರು. ನೂರಾ ಇಪ್ಪತ್ತು ವರ್ಷ ಚಿಲ್ಲರೆ ಕಳೆದ ಮೇಲೆ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹೆನ್ರಿಯೆಟಾ ಲೆವಿಟ್ ಅಂಥ ನಕ್ಷತ್ರಗಳನ್ನು ಫೋಟೋ ಫಲಕಗಳಲ್ಲಿ ಒಂದೊಂದಾಗಿ ಹುಡುಕಿ ಅಳೆದರು. ಏರಿಳಿತಕ್ಕೆ ಜಾಸ್ತಿ ದಿನ ತಗೊಳ್ಳುವ ನಕ್ಷತ್ರ ನಿಜಕ್ಕೂ ಜಾಸ್ತಿ ಪ್ರಕಾಶದ್ದು ಅಂತ ತೋರಿಸಿದರು. ಇದರಿಂದಲೇ ದೂರ ಅಳೆಯಲು ದಾರಿಯಾಯಿತು. ದಿನ ಎಣಿಸಿದರೆ ನಿಜವಾದ ಪ್ರಕಾಶ ಗೊತ್ತಾಗುತ್ತದೆ, ಅದು ಇಲ್ಲಿಗೆ ಎಷ್ಟು ಮಂಕಾಗಿ ಕಾಣುತ್ತದೆ ಅಂತ ನೋಡಿದರೆ ಎಷ್ಟು ದೂರ ಅಂತ ಹೇಳಬಹುದು. 1923ರಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಒಂದು ಸೆಫಿಡ್ ಕಂಡು, ಇದೇ ಲೆಕ್ಕ ಹಾಕಿ, ಆಂಡ್ರೊಮಿಡಾ ನಮ್ಮ ಗ್ಯಾಲಕ್ಸಿಯ ಹೊರಗೆ ಇರುವ ಇನ್ನೊಂದು ಗ್ಯಾಲಕ್ಸಿ ಅಂತ ತೋರಿಸಿದರು. ಲೆವಿಟ್ 1921ರಲ್ಲೇ ತೀರಿಕೊಂಡಿದ್ದರು. ಅವರ 1912ರ ಆ ಮುಖ್ಯ ಬರಹ ಹೊರಬಂದದ್ದು ವೀಕ್ಷಣಾಲಯದ ಮುಖ್ಯಸ್ಥ ಎಡ್ವರ್ಡ್ ಪಿಕರಿಂಗ್ ಅವರ ಸಹಿಯಲ್ಲಿ. ಇದನ್ನು ಸಿದ್ಧ ಮಾಡಿದ್ದು ಮಿಸ್ ಲೆವಿಟ್ ಅಂತ ಒಳಗೆ ಮೊದಲ ಸಾಲಿನಲ್ಲಿದೆ. ಕಾಲೇಜು ಮುಗಿದ ಮೇಲೆ ಕಾಯಿಲೆ ಬಂದು ಲೆವಿಟ್ ಕೂಡ ಕಿವುಡರಾಗುತ್ತ ಹೋಗಿದ್ದರು.

ವಿಶ್ವ ಎಷ್ಟು ದೊಡ್ಡದು ಅನ್ನುವ ಪ್ರಶ್ನೆಗೆ ದಾರಿ ತೋರಿಸಿದವರಲ್ಲಿ ಇಬ್ಬರು ಕಿವುಡರು. ನಾನು ಇವನನ್ನು ಭೇಟಿಯಾಗುವ ತನಕ ನನಗೆ ಇದು ಗೊತ್ತಿರಲಿಲ್ಲ.

ಈಗ ಇನ್ನೊಂದು ವಿಷಯ. ನಮ್ಮ ಬಗ್ಗೆ ಗೊತ್ತಾದಾಗ ಜನ ಎರಡು ಥರ ಮಾತಾಡುತ್ತಾರೆ. ಒಂದು, 'ಬೇರೆ ಯಾರೂ ಸಿಗಲಿಲ್ವಾ?' ಇದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ನೊಂದು, 'ಎಷ್ಟು ದೊಡ್ಡ ಮನಸ್ಸು ನಿಂದು.' ಇದು ಚುಚ್ಚುತ್ತದೆ. ನಾನು ಏನೋ ತ್ಯಾಗ ಮಾಡಿದ್ದೇನೆ, ಅವನಿಗೆ ಏನೋ ದಾನ ಸಿಕ್ಕಿದೆ ಅನ್ನುವ ಲೆಕ್ಕ ಅದರಲ್ಲಿದೆ. ಅವನು ನನ್ನನ್ನು ಆರಿಸಿದ್ದು ಯಾಕೆ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಅವರ ಲೆಕ್ಕದಲ್ಲಿ ಆಯ್ಕೆ ಮಾಡುವವಳು ನಾನು, ಆಯ್ಕೆಯಾದವನು ಅವನು. ನಿಜಕ್ಕೂ ಮೊದಲು ಮಾತಾಡಿಸಿದ್ದು ಅವನು, ಎರಡು ತಿಂಗಳು ಯೋಚಿಸುತ್ತೇನೆ ಅಂತ ನನ್ನನ್ನು ಕಾಯಿಸಿದ್ದೂ ಅವನೇ.

ಆದರೆ ನಾನೂ ಒಂದು ವಿಷಯ ಒಪ್ಪಿಕೊಳ್ಳಬೇಕು. ಅವನಿಗಿಂತ ಮುಂಚೆ ಡೇಟಿಂಗ್ ಆ್ಯಪ್‌ನಲ್ಲಿ ಒಬ್ಬರ ಪ್ರೊಫೈಲ್ ಬಂದಿತ್ತು. ನಾನು ಓದುವ ಪುಸ್ತಕಗಳನ್ನೇ ಓದುವವರು, ನಗು ಚೆನ್ನಾಗಿತ್ತು. ಕೊನೆಯಲ್ಲಿ 'ನಾನು ಕಿವುಡ' ಅಂತ ಬರೆದಿದ್ದರು. ನಾನು ಯೋಚನೆಯೇ ಮಾಡದೆ ಮುಂದಕ್ಕೆ ತಳ್ಳಿದೆ. ಆಗ ಯಾರಾದರೂ ಕೇಳಿದ್ದರೆ ಇದು ನನ್ನ ಇಷ್ಟ, ಮನಸ್ಸು ಬಂದವರ ಜೊತೆ ಹೋಗುತ್ತೇನೆ ಅನ್ನುತ್ತಿದ್ದೆ. ಅದೂ ಸರಿಯೇ, ಯಾರೂ ಯಾರನ್ನೂ ಕರ್ತವ್ಯ ಅಂತ ಪ್ರೀತಿಸಲು ಆಗಲ್ಲ, ಹಾಗೆ ಪ್ರೀತಿಸಿಕೊಳ್ಳುವುದು ಯಾರಿಗೂ ಬೇಕಾಗಿಯೂ ಇಲ್ಲ. ಆದರೆ ನನಗೆ ಅವತ್ತು ಮನಸ್ಸು ಬರಲಿಲ್ಲ ಅನ್ನುವುದು ಸುಳ್ಳು. ಮನಸ್ಸು ಬಂದಿತ್ತು. ಕೊನೆಯ ಸಾಲು ಓದಿ ಹಿಂದೆ ಸರಿದೆ. ಆ ಹೆದರಿಕೆ ಎಲ್ಲಿಂದ ಬಂತು? ನಾನು ಅಲ್ಲಿಯವರೆಗೆ ಒಬ್ಬ ಕಿವುಡರ ಜೊತೆಗೂ ಕೂತು ಮಾತಾಡಿರಲಿಲ್ಲ. ಅವರ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಕಿವಿ ಕೇಳುವವರು ಹೇಳಿದ್ದು.

ಇದಕ್ಕೆ ದೊಡ್ಡ ಇತಿಹಾಸವೇ ಇದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ಆಯಿತು. ನೂರಕ್ಕೂ ಜಾಸ್ತಿ ಪ್ರತಿನಿಧಿಗಳು, ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ, ಬಾಯಿಂದ ಮಾತಾಡುವುದನ್ನೇ ಕಲಿಸಬೇಕು ಅಂತ ಅವರು ಮತ ಹಾಕಿದರು. ಆಮೇಲೆ ಎಷ್ಟೋ ದೇಶಗಳಲ್ಲಿ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು, ಮಕ್ಕಳು ಸನ್ನೆ ಮಾಡಿದರೆ ಕೈಗೆ ಪೆಟ್ಟು ಬೀಳುತ್ತಿತ್ತು, ಕೈ ಕಟ್ಟಿಹಾಕಿದ್ದೂ ಇದೆ. ಆ ನಿರ್ಧಾರ ತಪ್ಪು ಅಂತ ಅದೇ ಸಾಲಿನ ಇನ್ನೊಂದು ಸಮ್ಮೇಳನ ಒಪ್ಪಿಕೊಂಡಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. 130 ವರ್ಷ! ಅಲ್ಲಿ ಕೈ ಎತ್ತಿದವರಲ್ಲಿ ಬಹಳ ಜನ ಮಕ್ಕಳ ಒಳ್ಳೆಯದಕ್ಕೇ ಅಂತ ನಂಬಿದ್ದರು. ನಾನೂ ಆ ಬಯಲಿನಲ್ಲಿ ಒಳ್ಳೆಯದಕ್ಕೇ ಅಂತ ಮಾತಾಡಿದ್ದೆ.

ಅವನು ಸನ್ನೆಯಲ್ಲಿ ಹೇಳಿದ್ದನ್ನೂ ನಾನು 'ಹೇಳಿದ' ಅಂತಲೇ ಬರೆಯುವುದು, ಯಾಕೆಂದರೆ ಅದು ಮಾತೇ. ಅದಕ್ಕೆ ಅದರದೇ ವ್ಯಾಕರಣ ಇದೆ. ಅಮೆರಿಕದ ಸನ್ನೆ ಭಾಷೆ ಬೇರೆ, ಬ್ರಿಟನ್ನಿನದು ಬೇರೆ, ಒಬ್ಬರದು ಇನ್ನೊಬ್ಬರಿಗೆ ಸುಮ್ನೆ ಅರ್ಥ ಆಗಲ್ಲ. ಸನ್ನೆ ಭಾಷೆ ಪೂರ್ತಿ ಭಾಷೆ ಅಂತ ಅಮೆರಿಕದ ಭಾಷಾ ವಿದ್ವಾಂಸ ವಿಲಿಯಂ ಸ್ಟೋಕಿ 1960ರಲ್ಲಿ ಬರೆದಾಗ ವಿದ್ವಾಂಸರಿಗೆ ಅದು ಹೊಸ ಸುದ್ದಿ. ಕಿವುಡರಿಗೆ ಹೊಸದೇನೂ ಆಗಿರಲಿಕ್ಕಿಲ್ಲ.

ಅವನ ಗೆಳೆಯರನ್ನು ಮೊದಲ ಸಲ ಭೇಟಿಯಾದಾಗ ಅವರಲ್ಲಿ ಒಬ್ಬಳು ನನ್ನನ್ನು ನೇರವಾಗಿ ಕೇಳಿದಳು: 'ನಿನ್ನ ಜೊತೆ ಇದ್ದಾಗ ಇವನು ಜಾಸ್ತಿ ಮಾತಾಡುತ್ತಾನಾ, ಕಮ್ಮಿ ಮಾತಾಡುತ್ತಾನಾ?' ಆಗ ನನಗೆ ಬೇಜಾರಾಯಿತು, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಅನ್ನಿಸಿತು. ಪರೀಕ್ಷೆಯೇ ಅದು. ಕಿವಿ ಕೇಳುವ ಸಂಗಾತಿ ಬಂದ ಮೇಲೆ ಫೋನ್, ಬ್ಯಾಂಕು, ಡಾಕ್ಟರು, ನೆಂಟರು ಎಲ್ಲರೂ ಸಂಗಾತಿಯ ಜೊತೆಗೇ ಮಾತಾಡುತ್ತಾರೆ, ಅದು ಸುಲಭ, ಬೇಗ ಮುಗಿಯುತ್ತದೆ, ಮತ್ತೆ ಒಂದು ದಿನ ನೋಡಿದರೆ ಆ ಮನುಷ್ಯನ ಬದುಕಿನ ಬಗ್ಗೆ ಎಲ್ಲರಿಗೂ ಗೊತ್ತಿರುತ್ತದೆ, ಅವನ ಬಾಯಿಂದಲೋ ಕೈಯಿಂದಲೋ ಬಂದದ್ದು ಒಂದೂ ಇರುವುದಿಲ್ಲ. ಅವಳು ಇದನ್ನು ಗೆಳೆಯರಲ್ಲಿ ನೋಡಿದ್ದಳು. ಆ ಬಯಲಿನ ರಾತ್ರಿಯ ಮೇಲೆ ಅವಳಿಗೆ ಮೆಸೇಜ್ ಮಾಡಿದೆ, 'ನೀನು ಕೇಳಿದ್ದು ಸರಿ ಇತ್ತು' ಅಂತ. 'ಈಗ ಗೊತ್ತಾಯ್ತಲ್ಲ' ಅಂತ ಅಷ್ಟೇ ಬರೆದಳು.

ಇನ್ನೊಂದು ನೆನಪು ಹೇಳಲೇಬೇಕು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯದ ಉಪಕರಣಗಳಿಗೆ ಗುರುತ್ವದ ಅಲೆ ಸಿಕ್ಕಿತಲ್ಲ, 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಸೇರಿಕೊಂಡದ್ದು. ಕೊನೆಗೂ ವಿಶ್ವವನ್ನು ಕೇಳಿಸಿಕೊಂಡೆವು ಅಂತ ಎಲ್ಲ ಕಡೆ ಹೇಳಿದರು. ನಮ್ಮ ಪರಿಚಯ ಆದ ಮೇಲೆ ಒಂದು ದಿನ ನಾನೂ ಉತ್ಸಾಹದಲ್ಲಿ ಅದನ್ನೇ ಇವನಿಗೆ ಹೇಳಿದೆ. ಅವನು ತಡೆದ. ಅಲ್ಲಿ ಶಬ್ದ ಎಲ್ಲಿದೆ ಅಂದ. 4 ಕಿಲೋಮೀಟರ್ ಉದ್ದದ ಎರಡು ಕೊಳವೆ, ಒಳಗೆ ಲೇಸರ್ ಬೆಳಕು, ಪರಮಾಣುವಿನ ಒಳಗಿರುವ ಪ್ರೋಟಾನಿಗಿಂತಲೂ ನೂರಾರು ಪಟ್ಟು ಸಣ್ಣ ಅದುರು. ಅದನ್ನು ಶಬ್ದ ಮಾಡಿದ್ದು ಆಮೇಲೆ, ಕಿವಿ ಇರುವವರಿಗೋಸ್ಕರ. ಆಮೇಲೆ ಅವನು ಸ್ಪೀಕರ್ ತಂದು, ಆ ಧ್ವನಿ ಹಾಕಲು ಹೇಳಿ, ಅದರ ಮೇಲೆ ಅಂಗೈ ಇಟ್ಟುಕೊಂಡ. ಅರೆ ಸೆಕೆಂಡೂ ಇಲ್ಲದ ಗುಮ್ ಅನ್ನುವ ಏರುದನಿ. ಮೂರು ಸಲ ಹಾಕಿಸಿದ. ನನ್ನ ಕೈಯನ್ನೂ ಎಳೆದು ಅಲ್ಲಿಟ್ಟ. ಕಣ್ಣು ಮುಚ್ಚಿ ನೋಡಿದೆ. ಅದು ಅದುರುವುದೇ ನನಗೆ ಹೆಚ್ಚು ಮುಟ್ಟಿತು, ಕಿವಿಗೆ ಬಿದ್ದದ್ದಕ್ಕಿಂತ.

ವಿಶ್ವದಲ್ಲಿ ನಮಗೆ ಗೊತ್ತಿರುವ ಸಾಮಾನ್ಯ ವಸ್ತು ಶೇಕಡಾ 5ರಷ್ಟು. ಶೇಕಡಾ 27 ಕಪ್ಪುವಸ್ತು, ಉಳಿದ 68 ಕಪ್ಪುಶಕ್ತಿ. ಅವು ಏನು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಇದನ್ನು ವಿಜ್ಞಾನಿಗಳು ಎಷ್ಟು ಆರಾಮಾಗಿ ಹೇಳುತ್ತಾರೆ ನೋಡಿ, ನಾಚಿಕೆ ಇಲ್ಲದೆ. ಎರಡು ವರ್ಷದಿಂದ ಜೊತೆಗಿರುವ ಮನುಷ್ಯನ ಬಗ್ಗೆ ಮಾತ್ರ ಯಾರಾದರೂ ಕೇಳಿದ ತಕ್ಷಣ ನನ್ನ ಹತ್ತಿರ ಉತ್ತರ ಇತ್ತು.

ಇದನ್ನು ಬರೆದು ಅವನಿಗೆ ಓದಲು ಕೊಟ್ಟೆ. ಎರಡು ಕಡೆ ತಿದ್ದಿದ. ಅವನಿಗೆ ಮೌನ ಅಂದರೆ ಹೇಗಿರುತ್ತದೆ ಅಂತ ನಾನು ಚೆಂದವಾಗಿ ಒಂದು ಪ್ಯಾರಾ ಬರೆದಿದ್ದೆ, ಅದನ್ನು ಪೂರ್ತಿ ತೆಗೆಸಿದ. 'ಇದು ನಿನಗೆ ಹೇಗೆ ಗೊತ್ತು?' ಅಂದ. ಗೊತ್ತಿರಲಿಲ್ಲ.

ಈಗ ಅವನ ಕುತ್ತಿಗೆಗೆ ಅವನದೇ ಕೆಂಪು ದೀಪ ಇದೆ, ಎದೆ ಹತ್ತಿರ ನೇತಾಡುತ್ತದೆ, ಕೈಗಳ ಮೇಲೆ ಬೆಳಕು ಬೀಳುತ್ತದೆ. ಹೋದ ವಾರ ಮತ್ತೆ ಬಯಲಿಗೆ ಹೋಗಿದ್ದೆವು. ಯಾರೋ ನನ್ನನ್ನು ಅವನ ಬಗ್ಗೆ ಕೇಳಿದರು, ನಾನು ಅವನನ್ನು ತೋರಿಸಿದೆ, ಅವನು ಆಲ್ಗಾಲ್ ಕತೆ ಶುರು ಮಾಡಿದ. ಇಪ್ಪತ್ತು ನಿಮಿಷ. ನಾನು ಅವನ ಸನ್ನೆಗೆ ದನಿ ಕೊಟ್ಟೆ, ಎರಡು ಸಲ ತಪ್ಪು ಹೇಳಿದೆ, ಅವನು ನನ್ನ ತುಟಿ ನೋಡಿ ಹಿಡಿದು ಸರಿಮಾಡಿದ.

ಆಲ್ಗಾಲ್ ಮುಂದೆ ಯಾವಾಗ ಮಬ್ಬಾಗುತ್ತದೆ ಅಂತ ಲೆಕ್ಕ ಹಾಕಿಟ್ಟಿದ್ದಾನೆ. ರಾತ್ರಿ ಎರಡೂವರೆಗೆ. ನನ್ನ ಫೋನಿನಲ್ಲಿ ಅಲಾರಂ ಇಡಲಾ ಅಂತ ಕೇಳಿದೆ. ಬೇಡ ಅಂದ. ಅವನದು ದಿಂಬಿನ ಕೆಳಗೆ ಅದುರುವ ಅಲಾರಂ, ಒಂದು ದಿನವೂ ತಪ್ಪಿಲ್ಲ. ನೀನು ಮಲಗು, ನಾನೇ ಎಬ್ಬಿಸುತ್ತೇನೆ ಅಂದ.