ಮಹಜರಿಗೆ ಸಹಿ ಹಾಕಿದ ದಿನ

ಮೈಸೂರಿನ ಹೊರವರ್ತುಲ ರಸ್ತೆಯ ಆಚೆಗಿರುವ ನಮ್ಮ ಬಡಾವಣೆಯಲ್ಲಿ ನಿವೃತ್ತರೇ ಹೆಚ್ಚು. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವುದರಿಂದ ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಬೀದಿಯ ಒಂದೆರಡು ಮನೆಗಳಿಗೆ ಬೀಗ ಬಿದ್ದಿರುತ್ತದೆ. ಮನೆಗಳ ನಡುವಿನ ಖಾಲಿ ನಿವೇಶನಗಳಲ್ಲಿ ಪಾರ್ಥೇನಿಯಂ ಮತ್ತು ಲಂಟಾನ ಆಳೆತ್ತರಕ್ಕೆ ಬೆಳೆದು ನಿಂತಿವೆ. ಇಲ್ಲಿಗೆ ಬಾಡಿಗೆ ಮನೆ ಹುಡುಕಿಕೊಂಡು ಬಂದವರಿಗೆಲ್ಲ ‘ಬಹಳ ಸೇಫ್ ಏರಿಯಾ, ಒಂದು ಕೇಸೂ ಆಗಿಲ್ಲ’ ಎಂದು ಹೇಳುವುದು ನಮ್ಮವರ ವಾಡಿಕೆಯಾಗಿತ್ತು. 2024ರ ದಸರೆ ಕಳೆದ ಮೇಲೆ ಎದುರು ಮನೆಯ ಮೇಷ್ಟ್ರು ದಂಪತಿ ಧಾರವಾಡದ ಮಗಳ ಮನೆಗೆ ಹೋಗಿದ್ದಾಗ ಅವರ ಹಿಂಬಾಗಿಲನ್ನು ಮೀಟಿ ಕಳ್ಳರು ಒಳಗೆ ನುಗ್ಗಿದರು. ಗಿಡಗಳಿಗೆ ನೀರು ಹಾಕಲು ಬರುತ್ತಿದ್ದ ಹೆಂಗಸು ಬೆಳಿಗ್ಗೆ ಅದನ್ನು ಕಂಡು ನಮ್ಮ ಬಾಗಿಲು ಬಡಿದರು. ನಾನು 112ಕ್ಕೆ ಕರೆ ಮಾಡಿದೆ, ಮೇಷ್ಟ್ರಿಗೂ ತಿಳಿಸಿದೆ. ಅವರು ಬಸ್ಸು ಹಿಡಿದು ಸಂಜೆಗೆ ಬಂದು ತಲುಪಿ ದೂರು ಬರೆದುಕೊಟ್ಟರು. ಮರುದಿನ ಸ್ಥಳ ಮಹಜರಿಗೆ, ಅಂದರೆ ಕಳವಾದ ಜಾಗದಲ್ಲಿ ಕಂಡದ್ದನ್ನು ಬರೆದಿಡುವ ದಾಖಲೆಗೆ, ಸಾಕ್ಷಿಗಳಾಗಿ ಸಹಿ ಹಾಕುವ ಇಬ್ಬರು ಪಂಚರು ಬೇಕೆಂದು ಹೆಡ್ ಕಾನ್‌ಸ್ಟೇಬಲ್ ಕೇಳಿದಾಗ ಬೀದಿಯಲ್ಲಿ ನೆರೆದಿದ್ದವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. ಸಹಿ ಹಾಕಿದರೆ ನಾಳೆ ಕೋರ್ಟಿನಿಂದ ಸಮನ್ಸ್ ಬರುತ್ತದೆ ಎಂಬ ಅಂಜಿಕೆ ಅವರದು, ಅದು ನಿಜವೂ ಹೌದು. ಕೊನೆಗೆ ನಾನು ಮತ್ತು ಮೂಲೆಯ ದಿನಸಿ ಅಂಗಡಿಯವರು ಒಪ್ಪಿಕೊಂಡೆವು.

ಕಳವಾದ ಮನೆಯೊಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ನೆಲದ ಮೇಲೆ ಹರಡಿದ್ದ ಅಕ್ಕಿ. ಹೆಂಗಸರು ಒಡವೆಯನ್ನು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಾರೆಂಬುದು ಕಳ್ಳರಿಗೂ ಗೊತ್ತಿರುವುದರಿಂದ, ಅಕ್ಕಿ, ತೊಗರಿಬೇಳೆ, ಸಾಸಿವೆಯ ಡಬ್ಬಗಳನ್ನೆಲ್ಲ ಬೋರಲು ಹಾಕಿ ಕೈಯಾಡಿಸಿದ್ದರು. ಒಡವೆಗಳು ಬ್ಯಾಂಕಿನ ಲಾಕರಿನಲ್ಲಿದ್ದವು. ಹೋದದ್ದು ದೇವರ ಮನೆಯ ಬೆಳ್ಳಿ ದೀಪದ ಕಂಬಗಳು, ಪಂಚಪಾತ್ರೆ, ಉದ್ಧರಣೆ, ಮತ್ತು ಬೀರುವಿನಲ್ಲಿದ್ದ ಸ್ವಲ್ಪ ನಗದು. ಬೆರಳಚ್ಚಿನವರು ಬೀರುವಿನ ಹಿಡಿಕೆಗೆ ಪುಡಿ ಸವರಿ ನೋಡಿದರು. ಶ್ವಾನದಳದ ನಾಯಿ ಹಿಂಬಾಗಿಲಿನಿಂದ ಹೊರಟು, ಲಂಟಾನದ ನಡುವೆ ಹಾದು, ಡಾಂಬರು ರಸ್ತೆಯ ಅಂಚಿಗೆ ಬಂದು ನಿಂತುಬಿಟ್ಟಿತು. ಅಲ್ಲಿಂದ ವಾಹನದಲ್ಲಿ ಹೋಗಿರಬೇಕು ಎಂದರು. ಹೆಡ್ ಕಾನ್‌ಸ್ಟೇಬಲ್ ಬಾಗಿಲಿನ ದಿಕ್ಕು, ಮುರಿದ ಚಿಲಕ, ಮೀಟಿದ ಗುರುತಿನ ಉದ್ದ ಎಲ್ಲವನ್ನೂ ಬರೆದು ನಮಗೆ ಓದಿ ಹೇಳಿದರು. ಹಿಂದಿನ ಕಂಬದ ಬೀದಿದೀಪ ಎಷ್ಟೋ ವಾರಗಳಿಂದ ಉರಿಯುತ್ತಿರಲಿಲ್ಲ, ಅದನ್ನೂ ಸೇರಿಸಿ ಎಂದು ನಾನು ಕೇಳಿಕೊಂಡೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ‘ಆಯ್ತು ಸರ್’ ಎಂದು ಅದನ್ನೂ ಬರೆದರು.

ನಾವು ಸಹಿ ಹಾಕುತ್ತಿರುವಾಗ ಗೇಟಿನ ಬಳಿ ಬೇರೆಯೇ ಮಾತು ಶುರುವಾಗಿತ್ತು. ಪಕ್ಕದ ಮನೆಯಾಕೆ, ‘ನಮ್ಮ ಹಿತ್ತಲಿನಿಂದ ಗ್ಯಾಸ್ ಸಿಲಿಂಡರ್ ಹೋಗಿತ್ತಲ್ಲ, ಇವರೇ ಇರಬೇಕು’ ಎಂದರು. ಇನ್ನೊಬ್ಬರ ಮಗನ ಸೈಕಲ್ ಹೋಗಿತ್ತಂತೆ. ಮೂರನೆಯವರು ತಮ್ಮ ಮೊಬೈಲು ಜೇಬುಗಳ್ಳರ ಪಾಲಾದಾಗ ಠಾಣೆಯೊಂದಕ್ಕೆ ಹೋಗಿದ್ದರು. ಅಲ್ಲಿ ಅದನ್ನು ಕಳವೆಂದು ಬರೆದುಕೊಳ್ಳದೆ, ಕಳೆದುಹೋಗಿದೆ ಎಂದು ಆನ್‌ಲೈನಿನಲ್ಲಿ ಇ-ಲಾಸ್ಟ್ ವರದಿ ಹಾಕಿಕೊಳ್ಳಲು ಹೇಳಿ ಕಳಿಸಿದ್ದರು. ಇವುಗಳಲ್ಲಿ ಒಂದಕ್ಕೂ ಎಫ್‌ಐಆರ್ ಆಗಿರಲಿಲ್ಲ. ‘ಒಂದು ಕೇಸೂ ಆಗಿಲ್ಲ’ ಎಂದು ನಾವು ಬಾಡಿಗೆದಾರರಿಗೆ ಹೇಳುತ್ತಿದ್ದುದು ಅಕ್ಷರಶಃ ಸತ್ಯವಾಗಿತ್ತು, ಏಕೆಂದರೆ ಯಾರೂ ಕೇಸು ಮಾಡಿರಲಿಲ್ಲ.

ಆ ರಾತ್ರಿ ಕುತೂಹಲಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯನ್ನು ತೆರೆದು ಕುಳಿತೆ. ಅಪರಾಧ ಪ್ರಮಾಣವೆಂದರೆ ಒಂದು ಲಕ್ಷ ಜನಸಂಖ್ಯೆಗೆ ದಾಖಲಾದ ಪ್ರಕರಣಗಳ ಸಂಖ್ಯೆ. ನಡೆದ ಅಪರಾಧಗಳನ್ನು ಎಣಿಸುವವರು ಯಾರೂ ಇಲ್ಲ. ಪ್ರಕರಣಗಳ ದಾಖಲಾತಿ ಹೆಚ್ಚಿತೆಂದರೆ ಅಪರಾಧವೇ ಹೆಚ್ಚಿತೆಂದು ತಿಳಿಯಬಾರದೆಂಬ ಎಚ್ಚರಿಕೆಯನ್ನು ಆ ವರದಿಯೇ ಕೊಡುತ್ತದೆ. ಎಣಿಕೆಗೂ ಅದರದೇ ಆದ ನಿಯಮಗಳಿವೆ. ಒಂದೇ ಎಫ್‌ಐಆರಿನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಆದ್ದರಿಂದ ಕನ್ನ ಹಾಕಲು ಬಂದವನು ಮನೆಯವರನ್ನು ಕೊಂದರೆ ಅದು ಕೊಲೆಯ ಕಾಲಮ್ಮಿಗೆ ಸೇರುತ್ತದೆಯೇ ಹೊರತು ಕನ್ನಗಳವಿನದಕ್ಕಲ್ಲ. ಮಹಾನಗರಗಳ ಪ್ರಮಾಣವನ್ನು 2011ರ ಜನಗಣತಿಯ ಸಂಖ್ಯೆಯಿಂದ ಭಾಗಿಸುತ್ತ ಬಂದಿರುವುದರಿಂದ, ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಲಕ್ಷಾಂತರ ಜನರ ಮೇಲೆ ನಡೆದ ಅಪರಾಧಗಳು ಮೇಲಿನ ಅಂಕೆಯಲ್ಲಿವೆ, ಆ ಜನರು ಮಾತ್ರ ಕೆಳಗಿನ ಅಂಕೆಯಲ್ಲಿಲ್ಲ. ಇಂಥ ಪಟ್ಟಿ ಹಿಡಿದುಕೊಂಡು ಯಾವ ಊರು ಸುರಕ್ಷಿತ ಎಂದು ಟಿವಿಯಲ್ಲಿ ಜಗಳವಾಡುವವರನ್ನು ಕಂಡರೆ ನನಗೆ ಈಗ ಬೇಸರವಾಗುತ್ತದೆ.

ಭಾನುವಾರ ನಿವಾಸಿಗಳ ಸಂಘದ ಸಭೆ ಸೇರಿತು. ಎಲ್ಲರ ಮುಖದಲ್ಲೂ ಭಯವಿತ್ತು, ಭಯವಿರುವ ಕಡೆ ಯಾರಾದರೊಬ್ಬರ ಮೇಲೆ ಅನುಮಾನ ಬೀಳಲೇಬೇಕು. ಅದು ನೀರು ಹಾಕುವ ಹೆಂಗಸಿನ ಮೇಲೆ ಬಿತ್ತು. ಕಳ್ಳತನ ಕಂಡ ಕೂಡಲೇ ಓಡಿಬಂದು ತಿಳಿಸಿದವರು ಅವರೇ ಎಂದು ನಾನೂ ಮೇಷ್ಟ್ರೂ ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಮನೆಗೆಲಸದವರೆಲ್ಲ ಆಧಾರ್ ಪ್ರತಿ ಕೊಡಬೇಕು, ಬಡಾವಣೆಯ ಬಾಗಿಲಲ್ಲಿ ಪುಸ್ತಕದಲ್ಲಿ ಸಹಿ ಮಾಡಬೇಕು ಎಂದು ತೀರ್ಮಾನವಾಯಿತು. ಮನೆ ಕಟ್ಟುವ ಕಂತ್ರಾಟುದಾರರಿಗೂ ಕೊರಿಯರಿನವರಿಗೂ ಆ ನಿಯಮವಿಲ್ಲ. ಸೈಕಲ್ಲು, ಸಿಲಿಂಡರು ಹೋದವರು ಈಗಲಾದರೂ ದೂರು ಕೊಡಲಿ, ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಕಾನೂನಿದೆ, ನಮ್ಮ ಭಾಗದಲ್ಲಿ ಪ್ರಕರಣಗಳು ಕಾಣಿಸಿಕೊಂಡರೆ ತಾನೇ ರಾತ್ರಿ ಗಸ್ತು ಹೆಚ್ಚಿಸಿ ಎಂದು ಕೇಳಲು ಆಧಾರವಿರುತ್ತದೆ ಎಂದು ನಾನು ಹೇಳಿದೆ. ಹಿರಿಯರೊಬ್ಬರು ಮೃದುವಾಗಿಯೇ ತಡೆದರು: ‘ಸುಮ್ನೆ ಯಾಕೆ ಸರ್ ಹೆಸರು ಕೆಡಿಸೋದು? ಸೈಟಿನ ರೇಟು ಬಿದ್ದುಹೋಗುತ್ತೆ.’ ಅನೇಕರು ತಲೆಯಾಡಿಸಿದರು. ಅವರ ಮಾತಿನಲ್ಲಿ ಲೌಕಿಕ ವಿವೇಕವಿಲ್ಲವೆಂದು ಹೇಳಲಾರೆ. ಮನೆ ಮಾರಿ ಮಗನ ಬಳಿಗೆ ಹೋಗುವ ಯೋಚನೆಯಲ್ಲಿರುವವರು ಸಭೆಯಲ್ಲಿ ಬಹಳ ಮಂದಿ ಇದ್ದರು.

ಪಕ್ಕದ ಮನೆಯಾಕೆ ಮಾತ್ರ ಗಂಡನ ಅಸಮಾಧಾನದ ನಡುವೆಯೂ ಸಿಲಿಂಡರಿನ ವಿಷಯ ಬರೆದು ಠಾಣೆಗೆ ಕೊಟ್ಟುಬಂದರು. ಮೇಷ್ಟ್ರ ಬೆಳ್ಳಿ ಇನ್ನೂ ಸಿಕ್ಕಿಲ್ಲ. ಸಿಕ್ಕರೂ ಕೋರ್ಟಿನ ಮೂಲಕವೇ ಬಿಡಿಸಿಕೊಳ್ಳಬೇಕೆಂದು ಅವರಿಗೆ ಗೊತ್ತಿದೆ. ನೀರು ಹಾಕುತ್ತಿದ್ದ ಹೆಂಗಸು ಆಧಾರ್ ಪ್ರತಿ ಕೊಡಲು ಒಪ್ಪದೆ ಬೇರೆ ಬಡಾವಣೆಯಲ್ಲಿ ಕೆಲಸ ಹಿಡಿದರು. ಕ್ಯಾಮೆರಾಗಳಿಗಾಗಿ ಮನೆಮನೆಯಿಂದ ಚಂದಾ ಎತ್ತುವುದು ವಾರದೊಳಗೆ ಮುಗಿಯಿತು. ಹಿಂದಿನ ಕಂಬದ ದೀಪದ ಅರ್ಜಿಯನ್ನು ಕಾರ್ಯದರ್ಶಿಗಳು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿದ್ದಾರೆ.