ಬಚ್ಚಲುಮನೆ ಮತ್ತು ಒಗೆಯುವ ಕೋಣೆ ಒಂದಾಗುವ ಮುನ್ನ: ಯೋಜನೆಯ ಟಿಪ್ಪಣಿಗಳು

ಮೊದಲ ವಾರ

ಮೈಸೂರಿನ ನಮ್ಮ ಮನೆಯನ್ನು ಅಪ್ಪ ಕಟ್ಟಿಸಿದ್ದು 1979ರಲ್ಲಿ. ಹಿತ್ತಿಲ ಕಡೆಗೆ ಏಳು ಅಡಿ ಉದ್ದದ ಬಚ್ಚಲುಮನೆ ಇದೆ. ಅದಕ್ಕೆ ಅಂಟಿಕೊಂಡಂತೆ ಆರು ಅಡಿ ಉದ್ದದ ಬಟ್ಟೆ ಒಗೆಯುವ ಕೋಣೆ ಇದೆ. ಎರಡರ ಅಗಲವೂ ಐದೇ ಅಡಿ, ನಡುವೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಹಜಾರದಿಂದ ಒಗೆಯುವ ಕೋಣೆಯನ್ನು ದಾಟಿಯೇ ಬಚ್ಚಲಿಗೆ ಹೋಗಬೇಕು. ಶೌಚಾಲಯ ಬೇರೆಯಾಗಿರುವುದರಿಂದ ಅದನ್ನು ಮುಟ್ಟುವುದಿಲ್ಲ.

ಅಮ್ಮನ ಮಂಡಿನೋವು ಹೆಚ್ಚಾದ ಮೇಲೆ ಈ ಎರಡು ಕೋಣೆಗಳನ್ನು ಒಂದು ಮಾಡಲೇಬೇಕೆಂದು ತೀರ್ಮಾನಿಸಿದೆವು. ಒಳಗಿನ ನೆಲ ಹಜಾರಕ್ಕಿಂತ ತಗ್ಗಿನಲ್ಲಿದ್ದು, ಒದ್ದೆಯಾದ ರೆಡ್ ಆಕ್ಸೈಡ್ ನೆಲದ ಮೇಲೆ ಆ ಎತ್ತರವನ್ನು ಇಳಿದು ಹತ್ತುವುದು ಅವರಿಗೆ ದಿನವೂ ಭಯದ ಕೆಲಸವಾಗಿದೆ. ಆದ್ದರಿಂದ ಟೈಲ್ಸಿನ ಬಣ್ಣ, ನಲ್ಲಿಯ ಅಂದ ಇವೆಲ್ಲ ಆಮೇಲಿನ ಮಾತು. ಹೊಸ್ತಿಲ ಬಳಿಯ ಮೆಟ್ಟಿಲು ಎಷ್ಟು ತಗ್ಗಬಲ್ಲದು ಎಂಬುದೇ ನನ್ನ ಮೊದಲ ಪ್ರಶ್ನೆಯಾಯಿತು.

ನಡುವಿನ ಗೋಡೆ ಮನೆಯ ತಾರಸಿಯನ್ನು ಹೊತ್ತಿಲ್ಲವೆಂದು ಎಂಜಿನಿಯರ್ ನೋಡಿ ಹೇಳಿದರು. ಆದರೆ ಬಚ್ಚಲ ಮೇಲಿನ ಅಟ್ಟದ ಒಂದು ಅಂಚು ಅದರ ಮೇಲೆಯೇ ಕೂತಿದೆ. ಹಾಗಾಗಿ ಮೊದಲು ಅಟ್ಟ, ಆಮೇಲೆ ಗೋಡೆ.

ಎರಡನೆಯ ಮತ್ತು ಮೂರನೆಯ ವಾರ

ಈ ಎರಡು ವಾರಗಳೂ ನೆಲದ ವಾಟದ, ಅಂದರೆ ಇಳಿಜಾರಿನ, ಲೆಕ್ಕದಲ್ಲೇ ಕಳೆದವು, ಮತ್ತು ಈ ಸಮಯ ವ್ಯರ್ಥವಾಯಿತೆಂದು ನನಗೆ ಒಂದಿಷ್ಟೂ ಅನ್ನಿಸುವುದಿಲ್ಲ. ಹಳೆಯ ಮೇಲ್ಪದರವನ್ನು ಕಿತ್ತ ಮೇಲೆ ಸಿಗುವ ಕಾಂಕ್ರೀಟು ಹಜಾರಕ್ಕಿಂತ ಏಳೂವರೆ ಸೆಂಟಿಮೀಟರ್ ಕೆಳಗಿರುತ್ತದೆ. ಅದರ ಮೇಲೆ ನೀರು ತಡೆಯುವ ಲೇಪನ, ಅದನ್ನು ಕಾಪಾಡುವ ಗಾರೆ, ಅಂಟು, ಟೈಲ್ಸು ಸೇರಿದರೆ ಅತ್ಯಂತ ತಗ್ಗಿನ ಜಾಗದಲ್ಲೂ ಮೂರೂವರೆ ಸೆಂಟಿಮೀಟರ್ ದಪ್ಪವಾಗುತ್ತದೆ. ನೀರು ನಿಲ್ಲದೆ ಹರಿಯಲು 80 ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ವಾಟ ಕೊಡುವುದೆಂದು ಮೇಸ್ತ್ರಿ ಮತ್ತು ನಾನು ಒಪ್ಪಿಕೊಂಡೆವು.

ಮೇಸ್ತ್ರಿಯವರ ಮೊದಲ ಸಲಹೆ ಬಚ್ಚಲ ಕೊನೆಯ ಮೂಲೆಯಲ್ಲಿ ಒಂದೇ ನಹಾನಿ ಟ್ರ್ಯಾಪ್ (ನೆಲದ ನೀರನ್ನು ಹೊರಬಿಟ್ಟು ವಾಸನೆ ತಡೆಯುವ ಬಾಯಿ) ಇಡುವುದಾಗಿತ್ತು. ಬಾಗಿಲಿನಿಂದ ಅಲ್ಲಿಗೆ ನಾಲ್ಕು ಮೀಟರ್ ಉದ್ದ, ಅಂದರೆ ಐದು ಸೆಂಟಿಮೀಟರ್ ವಾಟ. ಮೂರೂವರೆಗೆ ಐದನ್ನು ಕೂಡಿದರೆ ಬಾಗಿಲ ಬಳಿ ಹೊಸ ನೆಲ ಹಜಾರಕ್ಕಿಂತ ಒಂದು ಸೆಂಟಿಮೀಟರ್ ಮೇಲಕ್ಕೇ ಬರುತ್ತದೆ! ವಾಟವನ್ನು ಕಡಿಮೆ ಮಾಡೋಣವೆಂದು ಅವರು ಹೇಳಿದರು. ನೀರು ನಿಂತು ಪಾಚಿ ಕಟ್ಟಿದರೆ ಜಾರಿ ಬೀಳುವವರು ಅಮ್ಮನೇ ಆದ್ದರಿಂದ ನಾನು ಒಪ್ಪಲಿಲ್ಲ.

ಪರಿಹಾರ ಸಿಕ್ಕಿದ್ದು ಕೆಡವಬೇಕಾದ ಗೋಡೆಯಲ್ಲಿಯೇ. ಆ ಗೋಡೆ ನಿಂತಿರುವ ಗೆರೆಯ ಮೇಲೆ, ಕೋಣೆಯ ಅಗಲಕ್ಕೆ ಅಡ್ಡಲಾಗಿ, ಜಾಲರಿ ಮುಚ್ಚಳದ ಒಂದು ಉದ್ದನೆಯ ಚರಂಡಿಯನ್ನು ಕೂರಿಸಿ, ಸ್ನಾನದ ಕಡೆಯ ನೆಲವನ್ನೂ ಒಗೆಯುವ ಕಡೆಯ ನೆಲವನ್ನೂ ಅದರತ್ತ ಇಳಿಸುವುದು. ಆಗ ಯಾವ ಕಡೆಯಿಂದಲೂ ನೀರು ಸುಮಾರು ಎರಡು ಮೀಟರಿಗಿಂತ ಹೆಚ್ಚು ದೂರ ಹರಿಯಬೇಕಿಲ್ಲ, ಬಾಗಿಲ ಬಳಿ ದಪ್ಪ ಆರು ಸೆಂಟಿಮೀಟರ್ ದಾಟುವುದಿಲ್ಲ, ಹಜಾರಕ್ಕೆ ಉಳಿಯುವ ಎತ್ತರ ಬರೀ ಒಂದೂವರೆ ಸೆಂಟಿಮೀಟರ್. ಸ್ನಾನದ ನೀರು ಬಾಗಿಲ ತನಕ ಬರುವ ಮೊದಲೇ ಚರಂಡಿಗೆ ಬೀಳುತ್ತದೆ ಎಂಬುದು ಇನ್ನೊಂದು ಲಾಭ. ಕಾಗದದ ಮೇಲೆ ಈ ಲೆಕ್ಕ ಕೂಡಿಬಂದ ಸಂಜೆ ನನಗಾದ ಸಮಾಧಾನ ದೊಡ್ಡದು.

ನಾಲ್ಕನೆಯ ವಾರ

ಬಚ್ಚಲ ಮೂಲೆಯಲ್ಲಿ ತಾಮ್ರದ ಹಂಡೆಯ ಒಲೆ ಇದೆ. ಸೌದೆ ಉರಿಸುವುದನ್ನು ಬಿಟ್ಟು ವರ್ಷಗಳಾದವು. ಒಲೆಯನ್ನು ತೆಗೆದರೆ ಉಳಿಯುವ ಜಾಗದಲ್ಲಿ 60 ಸೆಂಟಿಮೀಟರ್ ಅಗಲದ, ಮುಂದುಗಡೆ ಬಾಗಿಲಿರುವ ವಾಷಿಂಗ್ ಮಷೀನ್ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತದೆ, ಹಾಗಾಗಿ ನಾನು ಅದನ್ನೇ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಶವರಿನ ನೀರು ಅಲ್ಲಿಗೆ ನೇರವಾಗಿ ಸಿಡಿಯುತ್ತದೆ. ವಿದ್ಯುತ್ ಪ್ಲಗ್ಗನ್ನು ಅಂಥ ಕಡೆ ಇಡಬಾರದು. ಮಷೀನು ಬಾಗಿಲ ಪಕ್ಕದ ಒಣ ಭಾಗಕ್ಕೇ ಹೋಗಬೇಕು. ಒಲೆಯ ಹೊಗೆ ಹೋಗಲು ಗೋಡೆಯಲ್ಲಿ ಬಿಟ್ಟಿದ್ದ ಕಂಡಿ ಮಾತ್ರ ವ್ಯರ್ಥವಾಗದೆ, ಎಕ್ಸಾಸ್ಟ್ ಫ್ಯಾನಿಗೆ ಒದಗಿಬಂದಿದೆ.

ಮಷೀನಿನ ಕೊಳೆನೀರನ್ನು ನೆಲಕ್ಕೆ ಬಿಟ್ಟರೆ ನೊರೆ ಉಕ್ಕಿ ಕಾಲಿಗೆ ಬರುತ್ತದೆ. ಅದಕ್ಕೆಂದೇ ಗೋಡೆಯಲ್ಲಿ ಸುಮಾರು 80 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುವ ಪೈಪೊಂದನ್ನು, ಅದರದೇ ಟ್ರ್ಯಾಪಿನೊಂದಿಗೆ, ಹೊರಗಿನ ಛೇಂಬರಿಗೆ ಜೋಡಿಸಬೇಕು. ಮಷೀನಿನ ಕೊಳವೆಯನ್ನು ಆ ಪೈಪಿನ ಬಾಯಿಗೆ ಬಿಗಿಯಾಗಿ ತುರುಕದೆ, ಸುತ್ತ ಗಾಳಿಯಾಡುವಂತೆ ಇಳಿಬಿಡಬೇಕು. ಇಲ್ಲವಾದರೆ ಸೈಫನ್ ಆಗಿ, ಒಳಗೆ ತುಂಬಿದ ನೀರೆಲ್ಲ ತಾನಾಗಿ ಎಳೆದುಕೊಂಡು ಹೋಗಬಹುದು. ಒಳಬರುವ ನೀರಿನದು ಬೇರೆಯೇ ಲೆಕ್ಕ. ನೀರಿನ ಮಟ್ಟ ನಲ್ಲಿಗಿಂತ ಹತ್ತು ಮೀಟರ್ ಮೇಲಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ನಮ್ಮ ತೊಟ್ಟಿ ನಾಲ್ಕೇ ಮೀಟರ್ ಮೇಲಿರುವುದರಿಂದ ಸಿಗುವುದು 0.4 ಬಾರ್. ಕೆಲವು ಮಾದರಿಗಳಿಗೆ ಕನಿಷ್ಠ 0.5 ಬಾರ್ ಬೇಕು. ಆದ್ದರಿಂದ ಕೈಪಿಡಿಯಲ್ಲಿ ಆ ಅಂಕಿಯನ್ನು ನೋಡದೆ ಯಾವ ಮಷೀನನ್ನೂ ಕೊಳ್ಳುವುದಿಲ್ಲ.

ಗೀಸರಿಗೂ ಮಷೀನಿಗೂ ತಲಾ ಎರಡು ಕಿಲೋವ್ಯಾಟ್ ಹಿಡಿದರೆ ಎರಡೂ ಕೂಡಿ 17 ಆಂಪಿಯರ್ ದಾಟುತ್ತದೆ. ಹಾಗಾಗಿ ಎರಡಕ್ಕೂ ಪ್ರತ್ಯೇಕ ಲೈನ್, ಎರಡರ ಮೇಲೂ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು). ಅರ್ತಿಂಗ್ ಪರೀಕ್ಷೆ ಆಗುವ ತನಕ ಯಾವುದಕ್ಕೂ ವಿದ್ಯುತ್ ಕೊಡಕೂಡದೆಂದು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ.

ಈ ವಾರ

ಒಗೆಯುವ ಕಲ್ಲಿನ ವಿಷಯ ಮಾತ್ರ ಉಳಿದಿತ್ತು. ಅದನ್ನು ಒಡೆಸಬೇಕಾದೀತೆಂದು ನಾನು ಹೇಳಿದಾಗ, "ಮಷೀನ್ ಬರಲಿ, ಬೇಡ ಅನ್ನಲ್ಲ. ಆದ್ರೆ ಕಾಲೊರೆಸೋ ಬಟ್ಟೆ, ಅಡುಗೆಮನೆ ಮಸಿಬಟ್ಟೆ ಎಲ್ಲಾ ಅದಕ್ಕೆ ಹಾಕ್ತೀಯೇನೋ?" ಎಂದು ಅಮ್ಮ ಕೇಳಿದರು. ಅವರ ಮಾತು ನ್ಯಾಯವಾಗಿದೆ. ಕಲ್ಲನ್ನು ಅವರು ನಿಂತೇ ಒಗೆಯಬಹುದಾದ ಎತ್ತರಕ್ಕೆ ಹಿತ್ತಿಲಿನ ತೆಂಗಿನ ಮರದ ಪಕ್ಕ ಕೂರಿಸುತ್ತೇವೆ; ಜಾಲಿಸಿದ ನೀರು ಮರದ ಪಾತಿಗೆ ಹೋಗುತ್ತದೆ.

ಬಚ್ಚಲಿನ ಮಗ್ಗುಲಿಗಿರುವ ದೇವರಮನೆಯ ಗೋಡೆಯಲ್ಲಿ ಸುಣ್ಣ ಉದುರಿ ಉಪ್ಪು ಬೆಳ್ಳಗೆ ಕಾಣುತ್ತಿದೆ. ಆದ್ದರಿಂದ ನೀರು ತಡೆಯುವ ಲೇಪನವನ್ನು ಎಲ್ಲ ಗೋಡೆಗಳ ಮೇಲೂ ಒಂದು ಅಡಿ, ಶವರಿನ ಭಾಗದಲ್ಲಿ ಆರು ಅಡಿ ಏರಿಸಬೇಕು. ಟೈಲ್ಸು ಹಾಕುವ ಮೊದಲು ಚರಂಡಿಯ ಬಾಯಿ ಕಟ್ಟಿ, 48 ಗಂಟೆ ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ ನೋಡಬೇಕು. ನಮ್ಮದು ನೆಲಮಹಡಿ, ಸೋರಿದರೆ ತೋರಿಸಲು ಕೆಳಗೊಂದು ಸೂರಿಲ್ಲ. ಹಾಗಾಗಿ ಆ ಗುರುತನ್ನೂ ದೇವರಮನೆಯ ಗೋಡೆಯನ್ನೂ ಎರಡು ದಿನ ಕಾಯುವುದನ್ನು ಒಪ್ಪಂದದ ಕಾಗದದಲ್ಲಿಯೇ ಬರೆಸಿದ್ದೇನೆ.

ನಿನ್ನೆ ಹಂಡೆಯನ್ನು ಕಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿ ಹಿತ್ತಿಲಲ್ಲಿ ಬೋರಲು ಹಾಕಿದ್ದಾಯಿತು. ಸೋಮವಾರ ಅಟ್ಟ ಇಳಿಸಲು ಮೇಸ್ತ್ರಿ ಬರುತ್ತಾರೆ.