ಗ್ಯಾರೇಜಿನ ಹಸಿರು ಫ್ರಿಜ್

ಕಳೆದ ಶನಿವಾರ ಎದುರು ಮನೆಯ ಹಿರಿಯರು ಆಡಿದ ಮಾತು ಇನ್ನೂ ಎದೆಯಲ್ಲಿ ಕುಳಿತಿದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ ನಗರದ ಈ ಬೀದಿಗೆ ನಾವು ಬಂದ ದಿನ ಮೊದಲು ಬಾಗಿಲು ತಟ್ಟಿದವರು ಅವರೇ. ಅವರ ಹಿತ್ತಲಿನ ಕಿತ್ತಳೆ ನಮ್ಮ ಮನೆಗೆ ಬಾರದ ಚಳಿಗಾಲವಿಲ್ಲ.

ಅವರ ಗ್ಯಾರೇಜಿನಲ್ಲಿ 1970ರ ದಶಕದ ಹಸಿರು ಫ್ರಿಜ್ ಒಂದಿದೆ. ಒಳಗೆ ನಾಲ್ಕು ಬಿಯರ್ ಬಾಟಲಿ, ಒಂದು ಸಾಸಿವೆ ಶೀಶೆ. ಮೋಟಾರು ಗುಂಯ್‌ಗುಡುತ್ತಿತ್ತು, ಬುಡದ ಜಾಲರಿಯಿಂದ ಬಿಸಿಗಾಳಿ ನನ್ನ ಕಾಲಿಗೆ ಬಡಿಯುತ್ತಿತ್ತು. "ಇದು ಇನ್ನೂ ಗಟ್ಟಿಯಾಗಿದೆ. ಈಗಿನವು ಹತ್ತು ವರ್ಷ ಬಾಳುವುದಿಲ್ಲ, ಬೆಲೆಯೂ ಜಾಸ್ತಿ. ಸರ್ಕಾರಕ್ಕೆ ನನ್ನ ಅಡುಗೆಮನೆಯಲ್ಲಿ ಏನು ಕೆಲಸ?" ಎಂದರು. ಗೃಹೋಪಕರಣಗಳ ವಿದ್ಯುತ್ ಬಳಕೆಗೆ ಮಿತಿ ಹಾಕುವ ಸರ್ಕಾರದ ಅಧಿಕಾರಕ್ಕೇ ಕಡಿವಾಣ ತೊಡಿಸುವ ಮಸೂದೆಯನ್ನು 2024ರ ಮೇ ತಿಂಗಳಲ್ಲಿ ಅಮೆರಿಕದ ಕೆಳಮನೆ 212–195 ಮತಗಳಿಂದ ಒಪ್ಪಿತ್ತು. ಸೆನೆಟ್ ದಾಟಲಿಲ್ಲ. ಆದರೆ ಅಂಥದ್ದು ಬರಲೇಬೇಕು ಎಂಬುದು ಅವರ ಹಟ.

ಬೆಲೆಯ ಮಾತು ನನಗೂ ಅರ್ಥವಾಗುತ್ತದೆ. ಆದರೂ ಸುಮ್ಮನಿರಲಾಗಲಿಲ್ಲ. ಆ ಕಾಲದ ಫ್ರಿಜ್ ನುಂಗುತ್ತಿದ್ದ ವಿದ್ಯುತ್ತಿನ ಮೂರನೇ ಒಂದು ಪಾಲು ಈಗಿನ ದೊಡ್ಡ ಫ್ರಿಜ್‌ಗೆ ಸಾಕು. ವಿದ್ಯುತ್ ಬಳಕೆಗೆ ಮಿತಿ ಹಾಕುವ ನಿಯಮಗಳಿಗೆ ದಾರಿ ಮಾಡಿದ ಕ್ಯಾಲಿಫೋರ್ನಿಯಾ ಕಾಯ್ದೆಗೆ 1974ರಲ್ಲಿ ಸಹಿ ಹಾಕಿದ ಗವರ್ನರ್, 1987ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆಗೆ ಸಹಿ ಹಾಕಿದ ಅಧ್ಯಕ್ಷ, ಇಬ್ಬರೂ ನೀವು ಮೆಚ್ಚುವ ರೇಗನ್ ಅವರೇ ಎಂದೆ. ಅವರು ಮೆಲ್ಲಗೆ ನಕ್ಕು, "ನಿಮ್ಮ ಊರಿನಲ್ಲಿ ಕರೆಂಟೇ ಇರಲಿಲ್ಲವಲ್ಲ, ನಿಮಗೆ ಉಳಿಸುವುದು ಅಭ್ಯಾಸ" ಎಂದರು. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಅರ್ಧ ನಿಜವಾದ್ದರಿಂದಲೇ ಚುಚ್ಚಿತು.

ನಮ್ಮದು ಸಾಗರ ತಾಲ್ಲೂಕಿನ ಹಿನ್ನೀರಿನ ಅಂಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಜ್ಜಿಯ ಮನೆ, ಅಡಿಕೆ ತೋಟ ಎರಡೂ ನೀರಿಗೆ ಹೋದವು. ಶರಾವತಿಯ ವಿದ್ಯುತ್ತಿನಿಂದ ದೂರದ ನಗರಗಳು ಬೆಳಗಿದವು. ಮುಳುಗಡೆಯವರು ವರ್ಷಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದರು. ಕೊನೆಗೊಮ್ಮೆ ನಮ್ಮ ಮನೆಗೂ ಫ್ರಿಜ್ ಬಂದಾಗ ಅಜ್ಜಿ ದಿನಾ ರಾತ್ರಿ ಅದರ ಸ್ವಿಚ್ ಆರಿಸಿ ಮಲಗುತ್ತಿದ್ದಳು. ಬೆಳಿಗ್ಗೆ ಹಾಲು ಒಡೆದು ಅಮ್ಮ ಬೇಸರಿಸಿದರೆ, "ಎಲ್ಲರೂ ಮಲಗಿದ ಮೇಲೆ ಅದಕ್ಕೇಕೆ ಕರೆಂಟು? ನಮ್ಮ ತೋಟ ಮುಳುಗಿಸಿ ಮಾಡಿದ್ದು ಅದು" ಎನ್ನುತ್ತಿದ್ದಳು.

ಅದೇ ಕಣಿವೆಯಲ್ಲಿ ಈಗ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು: ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಕ್ಕೆ ಹರಿಸಿ ವಿದ್ಯುತ್ ತೆಗೆಯುವುದು. ಬೇಡಿಕೆ ಏರುವ ಹೊತ್ತಿಗೆ ವಿದ್ಯುತ್ ಬೇಕಂತೆ. ಆ ಬೇಡಿಕೆಯನ್ನೇ ತಗ್ಗಿಸುವ ಯೋಚನೆ ನಮ್ಮಲ್ಲಿ ಎಷ್ಟು ಮಂದಿಗಿದೆ? ಯಾವ ಉಪಕರಣ ಎಷ್ಟು ವಿದ್ಯುತ್ ಉಳಿಸುತ್ತದೆಂದು ತಿಳಿಸುವ ನಕ್ಷತ್ರದ ಚೀಟಿ ಭಾರತದಲ್ಲಿ 2006ರಿಂದ ಇದೆ. ಅಂಗಡಿಯಲ್ಲಿ ನಾವು ಮೊದಲು ಕೇಳುವುದು ಬಣ್ಣ, ಆಮೇಲೆ ರಿಯಾಯಿತಿ. ಊರಿಗೆ ಹೋದಾಗಲೆಲ್ಲ ಇದನ್ನು ಕಂಡು ನೋಯುತ್ತೇನೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದು ಮರದ ಬೊಡ್ಡೆಗಳು ಕಾಣಿಸಿಕೊಂಡರೆ ಅಜ್ಜಿ ದಂಡೆಗೆ ಬಂದು ನಿಲ್ಲುತ್ತಿದ್ದಳು. ಅಲ್ಲಿ ಕೊಟ್ಟಿಗೆ, ಅಲ್ಲಿ ಬಾವಿ ಎಂದು ಬೆರಳು ಚಾಚುತ್ತಿದ್ದಳು. ಬರುವ ಶನಿವಾರ ಆ ಬಾವಿಯ ವಿಷಯವನ್ನು ಎದುರು ಮನೆಯವರಿಗೆ ಹೇಳಬೇಕು.